ಸರ್ಜೇರಾಯರು ಫೋನ್ ಮುಟ್ಟುವುದಿಲ್ಲ

ಮಸೂರಿನ ಸರ್ಜೇರಾವ್ ಡುಬಲ್ ಅವರು ಗಾಡಿ ಓಡಿಸುತ್ತ ಫೋನ್ ಹಿಡಿದದ್ದನ್ನು ಕಂಡವರು ಇಡೀ ಕರಾಡ ತಾಲ್ಲೂಕಿನಲ್ಲಿ ಒಬ್ಬರೂ ಇಲ್ಲ. ಇದನ್ನು ಅವರೇ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ಮಾತು ನಿಜ. ಎರಡೂ ಕೈ ಸ್ಕೂಟರಿನ ಹ್ಯಾಂಡಲ್ ಮೇಲೆ, ತಲೆಗೆ ಹೆಲ್ಮೆಟ್, ಬೆನ್ನು ನೆಟ್ಟಗೆ. ಫೋನ್ ಹಿಡಿದ ಕೈ ಹಿಂದೆ ಕೂತ ಹೆಂಡತಿ ಶಾಲನಳದು.

ಸುಮ್ಮನೆ ಹಿಡಿದುಕೊಂಡು ಕೂತರೆ ಸಾಲದು. ಫೋನ್ ಮೊಳಗಿದೊಡನೆ ಸರ್ಜೇರಾಯರು ಅಂಗಿಯ ಜೇಬಿನಿಂದ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಂದೆ ನೋಡದೆ ಹೆಗಲ ಮೇಲಿಂದ ಚಾಚುತ್ತಾರೆ. ತೆಗೆದುಕೊಡುವುದು ಮುಟ್ಟಿದ ಲೆಕ್ಕಕ್ಕಿಲ್ಲವಂತೆ. ಶಾಲನ ಅದನ್ನು ಹಿಡಿದು, ಹಸಿರು ಗುಂಡಿ ಒತ್ತಿ, ಸ್ಪೀಕರ್ ಹಚ್ಚಬೇಕು. ಆ ಕಡೆಯವರು ಮಾತಾಡುವಾಗ ಹೆಲ್ಮೆಟ್ಟಿನ ಕಿವಿಗೆ, ಇವರು ಮಾತಾಡುವಾಗ ಬಾಯಿಗೆ. ಅರ್ಧ ಕ್ಷಣ ತಪ್ಪಿದರೂ ಮುಂದಿನಿಂದ ಬೈಗುಳ.

"ಬಾಯಿ ಹತ್ರ ಹಿಡಿಯಲೇ! ಕಿವಿಯಿಂದ ಮಾತಾಡಲೇನು?"

ಇನ್ನೊಂದು ಕೈಗೆ ಸಂತೆಯ ಚೀಲ. ಇಷ್ಟರ ನಡುವೆ ಆಕೆ ಎಲ್ಲಿ ಹಿಡಿದುಕೊಂಡು ಕೂರುತ್ತಾಳೆ ಎಂದು ಮೊಬೈಲ್ ಬಂದ ಇಪ್ಪತ್ತು ವರ್ಷದಲ್ಲಿ ಸರ್ಜೇರಾಯರಿಗೆ ಒಮ್ಮೆಯೂ ಹೊಳೆದಿಲ್ಲ. ಆ ಮನೆಯಲ್ಲಿ ಹೆಲ್ಮೆಟ್ಟೂ ಒಂದೇ. ತಲೆ ಇರುವುದು ಒಬ್ಬರಿಗೇ ಎಂದು ತೀರ್ಮಾನವಾಗಿ ಬಹಳ ದಿನವಾಗಿತ್ತು.

ನೀರಾವರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ಸರ್ಜೇರಾಯರಿಗೆ ಕೆಲಸ ಹೆಚ್ಚಾಯಿತು. ವಾಟ್ಸಾಪಿನಲ್ಲಿ ಜ್ಯೇಷ್ಠ ನಾಗರಿಕರ ಸಂಘದ ಗುಂಪು, ದಾಯಾದಿಗಳ ಭಾವಕಿಯ ಗುಂಪು, ಹಳೆಯ ಸಹೋದ್ಯೋಗಿಗಳ ಗುಂಪು. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಸಂಜೆ ಸುವಿಚಾರ. 'ವಾಹನ ಚಲಾಯಿಸುವಾಗ ಮೊಬೈಲ್ ಬೇಡ, ಮನೆಯಲ್ಲಿ ನಿಮಗಾಗಿ ಒಬ್ಬರು ಕಾಯುತ್ತಿದ್ದಾರೆ' ಎಂಬ ಸುವಿಚಾರ ಅವರಿಗೆ ಬಹಳ ಪ್ರಿಯ. ಅದನ್ನು ವಾರಕ್ಕೆರಡು ಸಲ ಕಳಿಸುತ್ತಿದ್ದವಳು ಶಾಲನ, ಓಡುವ ಗಾಡಿಯ ಹಿಂದಿನ ಸೀಟಿನಿಂದ. ಏಳನೆಯ ಇಯತ್ತೆ ಓದಿದ ಆಕೆಗೆ ಅಕ್ಷರ ಒತ್ತುವುದು ಕಷ್ಟ. ಆದರೆ ಯಾರೋ ಸತ್ತ ಸುದ್ದಿ ಬಂದರೆ ಸಂಘದಲ್ಲಿ ತಮ್ಮ ಶ್ರದ್ಧಾಂಜಲಿಯೇ ಮೊದಲು ಹೋಗಬೇಕೆಂದು ಸರ್ಜೇರಾಯರ ಹಟ. "ಭಾವಪೂರ್ಣ ಅಂತ ಹೊಡಿ. ಭ, ದೊಡ್ಡ ಭ. ಹೊಡದ್ಯಾ? ಆ ಅಧ್ಯಕ್ಷ ಪಿಸಾಳ ಕಳಿಸಿಬಿಟ್ನೇನು ನೋಡು." ಒಮ್ಮೆ ಕರಾಡದ ನಾಕಾ ಚೌಕದಲ್ಲಿ ಕೆಂಪು ದೀಪದ ಕೆಳಗೆ ನಿಂತಾಗ ಬ್ಯಾಂಕಿನ ಒಟಿಪಿ ಬಂತು. ಆರು ಅಂಕಿಯನ್ನೂ ಗಟ್ಟಿಯಾಗಿ ಓದಿಸಿಕೊಂಡರು. ಪಕ್ಕದ ಬೈಕಿನವನು ನಕ್ಕು, "ಕಾಕಾ, ಇನ್ನೊಮ್ಮೆ ಹೇಳಿಸ್ರಿ, ಬರಕೊಂಡಿಲ್ಲ" ಅಂದ. ಸರ್ಜೇರಾಯರು ಹೆಂಡತಿಯನ್ನು ಬೈದರು, ಮೆಲ್ಲಗೆ ಓದಲು ಬರುವುದಿಲ್ಲ ಎಂದು.

ಗಾಡಿಯನ್ನು ಬದಿಗೆ ಹಚ್ಚಿ ಮಾತಾಡಬಾರದೇ ಎಂದು ಆಕೆ ಕೇಳದೆ ಇರಲಿಲ್ಲ.

"ಸಲ ಸಲಕ್ಕ ನಿಲ್ಲಿಸಿದ್ರ ಪೆಟ್ರೋಲ್ ಹೋಗಿ ಗಾಡಿ ಅವರೇಜ್ ಬೀಳತೈತಿ," ಎಂದರು ಸರ್ಜೇರಾಯರು. ಹೆಂಡತಿಯ ಅವರೇಜಿನ ಮಾತು ಬರಲಿಲ್ಲ.

ಮಾರ್ಗಶೀರ್ಷದಲ್ಲಿ ಕಬ್ಬಿನ ಹಂಗಾಮು ಶುರುವಾಯಿತು. ಕರಾಡದಿಂದ ಮಸೂರಿಗೆ ಬರುವ ದಾರಿಯ ತುಂಬ ಟ್ರ್ಯಾಕ್ಟರುಗಳು, ಒಂದೊಂದರ ಹಿಂದೆ ಎರಡೆರಡು ಟ್ರಾಲಿ, ಟ್ರಾಲಿಯ ಹೊರಗೆ ಚಾಚಿದ ಕಬ್ಬು. ಅಂಥ ಒಂದು ಸಂಜೆ ಫಲಟಣದಿಂದ ಸರ್ಜೇರಾಯರ ತಮ್ಮನ ಫೋನ್ ಬಂತು. ಹೂಕೋಸಿನ ದರ ಬಿದ್ದುಹೋದ ಕಥೆ. ಸರ್ಜೇರಾಯರು ಆವೇಶದಲ್ಲಿ, "ನಾ ಹೇಳಿದ್ನೋ ಇಲ್ಲೋ!" ಎಂದು ಎಡಗೈ ಎತ್ತಿದ್ದೂ ಮುಂದಿನ ಟ್ರ್ಯಾಕ್ಟರ್ ನಿಂತದ್ದೂ ಒಟ್ಟಿಗೇ ಆಯಿತು. ಸ್ಕೂಟರ್ ಹೊಯ್ದಾಡಿತು. ಶಾಲನ ಕಣ್ಣು ಮುಚ್ಚಿದಳು. ತೆರೆದಾಗ ಸೆರಗು ಕಬ್ಬಿನ ಕೊನೆಗೆ ಸಿಕ್ಕಿ ಮೊಳದುದ್ದ ಹರಿದಿತ್ತು. ಕಿವಿಯ ಮೇಲೆ ರಕ್ತ ಜಿನುಗುತ್ತಿತ್ತು. ಇನ್ನೊಂದು ಗೇಣು ಆಚೆಯಾಗಿದ್ದರೆ ಸೆರಗಿನ ಜಾಗದಲ್ಲಿ ಕುತ್ತಿಗೆ ಇರುತ್ತಿತ್ತು.

"ಏನಿಲ್ಲ ಏನಿಲ್ಲ, ಮುಂದ ಹೇಳು," ಎಂದರು ಸರ್ಜೇರಾಯರು ತಮ್ಮನಿಗೆ. ಆಮೇಲೆ ಹಿಂದಕ್ಕೆ, "ಫೋನ್ ಯಾಕ ಸರಿಸಿದಿ? ಅವ ಏನಂದ ಕೇಳಲೇ ಇಲ್ಲ."

ಆ ದಿನದಿಂದ ಶಾಲನಳಿಗೆ ಒಂದೇ ಯೋಚನೆ. ಸಾಯುವುದಕ್ಕೆ ಆಕೆಯ ತಕರಾರಿರಲಿಲ್ಲ, ಎಲ್ಲರೂ ಸಾಯುವವರೇ. ಹೂಕೋಸಿನ ದರ ಕೇಳುತ್ತ ಸಾಯುವುದು ಮಾತ್ರ ಆಕೆಗೆ ಹೇಸಿಗೆ ಅನ್ನಿಸುತ್ತಿತ್ತು. ಈ ಮನುಷ್ಯನ ಹರಟೆಗಾಗಿ ನಾನು ರಸ್ತೆಯಲ್ಲಿ ಬಿದ್ದಿರಬೇಕೇ? ಬಿದ್ದ ಮೇಲೆ ಶ್ರದ್ಧಾಂಜಲಿ ಒತ್ತಿಕೊಡುವವರು ಯಾರು?

ಅಷ್ಟರಲ್ಲಿ ಬಲಗೈ ಮೇಲೇಳುವುದನ್ನು ನಿಲ್ಲಿಸಿತು. ಜೋಳದ ಭಾಕರಿ ತಟ್ಟುವಾಗ ಹೆಗಲಲ್ಲಿ ಸೂಜಿ ಚುಚ್ಚಿದ ಹಾಗೆ. ಮಗಳ ವಯಸ್ಸಿನ ಡಾಕ್ಟರ್ ಹುಡುಗಿ ರಟ್ಟೆಯನ್ನು ಎತ್ತಿ ಇಳಿಸಿ ನೋಡಿ ಕೇಳಿದಳು: "ಏನ್ ಕೆಲಸ ಮಾಡ್ತೀರಿ ಮೌಶಿ?"

ಉತ್ತರ ಸರ್ಜೇರಾಯರಿಂದ ಬಂತು. "ಕೆಲಸ ಏನಿಲ್ಲ. ಮನ್ಯಾಗ ಇರತಾಳ."

"ಏನೂ ಮಾಡದೇ ಹೆಗಲು ಹಿಂಗಾಗೂದಿಲ್ಲ ಕಾಕಾ. ಆರು ವಾರ ಈ ಕೈ ಹೆಗಲಿಗಿಂತ ಮ್ಯಾಲೆ ಎತ್ತಬಾರದು."

ಹೊರಗೆ ಬಂದು ಸ್ಕೂಟರ್ ಹತ್ತುತ್ತ ಸರ್ಜೇರಾಯರು ಸಮಾಧಾನ ಹೇಳಿದರು. "ಹೆದರಬ್ಯಾಡ. ಎಡಗೈ ಐತಲ್ಲ."

ಜನವರಿಯಲ್ಲಿ ರಸ್ತೆ ಸುರಕ್ಷತೆಯ ಸಪ್ತಾಹ ಬಂತು, ಸಂಕ್ರಾಂತಿಯೂ ಬಂತು. ಜ್ಯೇಷ್ಠ ನಾಗರಿಕರ ಸಂಘದವರು ಎರಡನ್ನೂ ಕರಾಡದಲ್ಲಿ ಒಂದೇ ಮಂಟಪದಲ್ಲಿ ಮುಗಿಸಲು ಹೊರಟರು: ಗಂಡಸರಿಗೆ 'ಆದರ್ಶ ವಾಹನ ಚಾಲಕ' ಸತ್ಕಾರ, ಹೆಂಗಸರಿಗೆ ಅರಿಶಿನ ಕುಂಕುಮ. ಆದರ್ಶ ಚಾಲಕರು ಯಾರು ಎಂಬುದರ ಬಗ್ಗೆ ಚರ್ಚೆಯೇ ಆಗಲಿಲ್ಲ. ಸರ್ಜೇರಾಯರು ತಮ್ಮ ಹೆಸರನ್ನು ತಾವೇ ಮೂರು ಜನರಿಂದ ಹೇಳಿಸಿದ್ದರು. ಸತ್ಕಾರ ಸಪತ್ನೀಕವಾದ್ದರಿಂದ ಶಾಲನಳಿಗೂ ಕುರ್ಚಿ ಇತ್ತು. ಹಿಂದಿನ ದಿನ ಗಂಡನ ಧೋತರ, ಅಂಗಿ, ಟೋಪಿಗೆ ಇಸ್ತ್ರಿ ಮಾಡಿದವಳೂ ಸಂಘಕ್ಕೆಂದು ಎರಡು ಕಿಲೋ ಎಳ್ಳುಂಡೆ ಕಟ್ಟಿದವಳೂ ಆಕೆಯೇ. ಎಡಗೈಯಲ್ಲಿ.

ಅಧ್ಯಕ್ಷ ಬಾಬಾಸಾಹೇಬ ಪಿಸಾಳರು ಮೈಕಿನ ಮುಂದೆ ನಿಂತರು. "ಡುಬಲ್ ಸಾಹೇಬ್ರದು ವಿಶೇಷ ಏನು ಗೊತ್ತೇನ್ರಿ? ಗಾಡಿ ಮ್ಯಾಲೆ ಇದ್ದಾಗ ಅವರು ಫೋನ್ ಮುಟ್ಟೂದಿಲ್ಲ. ಆದರೂ ನೀವು ಯಾವಾಗರೆ ಫೋನ್ ಮಾಡ್ರಿ, ಎರಡನೇ ರಿಂಗಿಗೆ ಎತ್ತತಾರ!"

ಮಂಟಪ ತುಂಬ ಚಪ್ಪಾಳೆ. ಮುಟ್ಟದೆ ಎತ್ತುವುದು ಹೇಗೆ ಎಂದು ಅಲ್ಲಿದ್ದ ನೂರಿಪ್ಪತ್ತು ಬಿಳಿ ತಲೆಗಳಲ್ಲಿ ಒಂದಕ್ಕೂ ಅನುಮಾನ ಬರಲಿಲ್ಲ. ಅವರ ಮನೆಗಳಲ್ಲಿಯೂ ಚಹಾ ಹಾಗೇ ಬರುತ್ತಿತ್ತು, ಯಾರೂ ಮಾಡದೆ.

ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಎರಡನ್ನೂ ಸರ್ಜೇರಾಯರು ಕೂಡಲೇ ಹೆಂಡತಿಯ ಮಡಿಲಿಗೆ ದಾಟಿಸಿದರು. ಪಿಸಾಳರು ಹುರುಪಿನಲ್ಲಿದ್ದರು.

"ಇನ್ನ ವೈನಿ ಒಂದು ಉಖಾಣೆ ಹೇಳ್ಬೇಕು! ಹೆಸರು ಹೇಳದೆ ಬಿಡೂದಿಲ್ಲ!"

ಹೆಂಗಸರ ಸಾಲಿನಿಂದ, "ಹೇಳ್ರಿ ಶಾಲನತಾಯಿ, ಹೇಳ್ರಿ!" ಎಂದು ಕೂಗೆದ್ದಿತು. ಒಡಪಿನಲ್ಲಿ ಗಂಡನ ಹೆಸರು ಹೇಳುವುದು ಆಕೆಗೆ ಹೊಸದಲ್ಲ. ಮದುವೆಯಾದಾಗಿನಿಂದ ಬೆಳ್ಳಿ ತಟ್ಟೆ, ಬಂಗಾರದ ಬಟ್ಟಲು, ಮಲ್ಲಿಗೆ ಮೊಗ್ಗು ಎಂದು ಇಲ್ಲದ ವಸ್ತುಗಳನ್ನೆಲ್ಲ ಜೋಡಿಸಿ ಹೇಳಿಕೊಂಡು ಬಂದಿದ್ದಳು. ಇವತ್ತು ಮೈಕ್ ಹಿಡಿಯಲು ಬಲಗೈ ಎತ್ತಿದಳು. ಹೆಗಲು ಚಳಕ್ ಅಂದಿತು. ಎಡಗೈಗೆ ಬದಲಾಯಿಸಿಕೊಂಡು ಹೇಳಿದಳು:

"ಎಳ್ಳು ಬೆಲ್ಲ ಬೀರಾಕ ಬೆಳ್ಳಿಯ ತಟ್ಟೆ,
ಸರ್ಜೇರಾಯರು ಗಾಡಿ ಹೊಡಿಯಾಕ, ಫೋನ್ ಹಿಡಿಯಾಕ ನನ್ನ ರಟ್ಟೆ."

ಶಾಲನ ಕೂತವರ ಸಾಲುಗಳನ್ನು ನೋಡಿದಳು. ಹೇಳಿಬಿಟ್ಟೆ, ಇನ್ನು ಯಾರಾದರೂ ಎದ್ದು ಕೇಳುತ್ತಾರೆ, ಇದೇನು ಡುಬಲ್ ಸಾಹೇಬರೇ ಎಂದು.

ಎದ್ದದ್ದು ನಗೆ. ಗಂಡಸರು ತೊಡೆ ತಟ್ಟಿಕೊಂಡು ನಕ್ಕರು. "ವಾಹ್ ವೈನಿ! ಅರ್ಧಾಂಗಿ ಅಂದ್ರ ಇದು!" ಎಂದರು ಪಿಸಾಳರು. ಸರ್ಜೇರಾಯರ ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಹೆಂಡತಿ ತಮ್ಮನ್ನು ಇಷ್ಟು ಚೆನ್ನಾಗಿ ಹೊಗಳಬಲ್ಲಳೆಂದು ಅವರಿಗೂ ಗೊತ್ತಿರಲಿಲ್ಲ.

"ಇನ್ನೊಮ್ಮೆ ಹೇಳು," ಎಂದರು. "ವಿಡಿಯೊ ಮಾಡಿಕೊಂಡಿಲ್ಲ."

ಆಕೆ ಇನ್ನೊಮ್ಮೆ ಹೇಳಿದಳು. ಕ್ಯಾಮೆರಾ ಕಡೆ ನೋಡಿ, ಒಂದೊಂದು ಮಾತನ್ನೂ ಬಿಡಿಸಿ. ಮತ್ತೆ ನಕ್ಕರು. ಹೆಂಗಸರ ಸಾಲಿನಲ್ಲಿ ಮೂರು ನಾಲ್ಕು ಜನ ಮಾತ್ರ ನಗಲಿಲ್ಲ. ಅವರಲ್ಲೊಬ್ಬಳು ತನ್ನ ಹೆಗಲನ್ನು ನೀವಿಕೊಂಡಳು. ಅರಿಶಿನ ಕುಂಕುಮದ ಜೊತೆ ಎಲ್ಲ ಹೆಂಗಸರಿಗೂ ಒಂದೊಂದು ಚಹಾ ಸೋಸುವ ಜಾಲರಿ ಕೊಟ್ಟು ಕಳಿಸಿದರು.

ಮಂಟಪದಿಂದ ಹೊರಬೀಳುವಷ್ಟರಲ್ಲಿ ವಿಡಿಯೊ ಮೂರೂ ಗುಂಪಿನಲ್ಲಿ ಓಡಾಡುತ್ತಿತ್ತು. ಸರ್ಜೇರಾಯರು ಹೆಲ್ಮೆಟ್ ಏರಿಸಿದರು. ಶಾಲನ ಶಾಲು, ಕಾಯಿ, ಎಳ್ಳುಂಡೆಯ ಖಾಲಿ ಡಬ್ಬಿಯ ಚೀಲ ಅಪ್ಪಿಕೊಂಡು ಹಿಂದೆ ಕೂತಳು. ಗಾಡಿ ನಾಕಾ ಮುಟ್ಟುವ ಮೊದಲೇ ಅಭಿನಂದನೆಯ ಮೊದಲ ಫೋನ್ ಬಂತು. ಅದನ್ನು ಹಿಡಿದಳು. ಎರಡನೆಯದನ್ನೂ ಹಿಡಿದಳು. "ಹಾಂ, ನಮ್ಮಾಕಿನೇ! ಅಕಿಗೆ ನಾನೇ ಕಲಿಸೇನಿ!" ಎಂದು ನಗುತ್ತ ಸರ್ಜೇರಾಯರು ಎದುರಿನ ಟ್ರಾಲಿಯ ಅಂಚಿಗೆ ಗಾಡಿ ಸರಿಸಿದರು. ಕಬ್ಬಿನ ತುದಿ ಶಾಲನಳ ಕೆನ್ನೆಯ ಪಕ್ಕದಲ್ಲೇ ಸರ್ರನೆ ಹಾದುಹೋಯಿತು.

ನಾಕಾದಲ್ಲಿ ಕೆಂಪು ದೀಪ. ಗಾಡಿ ನಿಂತಿತು. ಮಾತು ಮುಗಿದಿತ್ತು, ಆಕೆ ಫೋನನ್ನು ಅವರ ಜೇಬಿಗೆ ಇಳಿಬಿಟ್ಟಳು. ಆಮೇಲೆ ತಾನೂ ಇಳಿದಳು.

ಸರ್ಜೇರಾಯರಿಗೆ ಗೊತ್ತಾಗಲಿಲ್ಲ. ದೀಪ ಹಸಿರಾಯಿತು, ಹೊರಟರು. ಹತ್ತು ಮಾರು ಹೋಗುವಷ್ಟರಲ್ಲಿ ಜೇಬು ಮತ್ತೆ ಮೊಳಗಿತು. ರಸ್ತೆಯ ಅಂಚಿನಲ್ಲಿ ನಿಂತ ಶಾಲನ ನೋಡಿದಳು: ಅವರು ಫೋನ್ ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಚಾಚಿದರು. ಯಾರೂ ತೆಗೆದುಕೊಳ್ಳಲಿಲ್ಲ. ಕೈ ಹಾಗೇ ಇತ್ತು. "ಹಿಡಿಯಲೇ," ಎಂಬ ಹಾಗೆ ಫೋನನ್ನು ಎರಡು ಸಲ ಅಲ್ಲಾಡಿಸಿದರು. ಹಾಗೇ ತಿರುವಿನಲ್ಲಿ ಮರೆಯಾದರು.

ಶಾಲನ ಎಸ್‌ಟಿ ಬಸ್ ಸ್ಟ್ಯಾಂಡಿಗೆ ನಡೆದಳು. ಮಸೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ, ಚಳಿಗಾಳಿ ಹೆಗಲಿಗೆ ಬಡಿಯುತ್ತಿತ್ತು. ಬಸ್ಸು ಊರು ದಾಟುವಾಗ ಚೀಲದೊಳಗಿನ ಆಕೆಯ ಸಣ್ಣ ಬಟನ್ ಫೋನ್ ಗುಯ್‌ಗುಟ್ಟಿತು. ಎತ್ತಿದಳು. ಒಳಗೆ ಭರ್ರೆಂಬ ಗಾಳಿ, ಹಾರ್ನು.

"ಗಾಡಿ ಮ್ಯಾಲೆ ಅದೀರೇನ್ರಿ?"

"ಹೂಂ! ನೀ ಎಲ್ಲಿ—"

ಕತ್ತರಿಸಿದಳು. ಐದು ನಿಮಿಷ ಬಿಟ್ಟು ಮತ್ತೆ ಬಂತು. ಮತ್ತೆ ಗಾಳಿ. ಈ ಸಲ ಕೇಳಲೂ ಇಲ್ಲ, ಕತ್ತರಿಸಿದಳು. ಪಕ್ಕದಲ್ಲಿ ಕೂತ ಮೊಸರು ಮಾರುವ ಮುದುಕಿ ಕೇಳಿದಳು: "ಯಾರವ್ವಾ ಅಷ್ಟು ಅವಸರದವರು?"

"ನಮ್ಮವರು. ಆದರ್ಶ ಚಾಲಕರು."

ಮೂರನೆಯ ಸಲ ಗಾಳಿಯ ಸದ್ದಿರಲಿಲ್ಲ. ಎಲ್ಲೋ ನಿಂತಿದ್ದರು. ನಿಲ್ಲಿಸಲೂ ಬರುತ್ತದೆ ಅಂತಾಯಿತು.

"ಹೇಳ್ರಿ," ಎಂದಳು.

ಬಿದ್ದೆಯಾ, ಪೆಟ್ಟಾಯಿತೇ, ಎಲ್ಲಿದ್ದೀಯೆ, ಯಾವುದಾದರೂ ಒಂದನ್ನು ಮೊದಲು ಕೇಳಬಹುದು ಎಂದು ಮೂವತ್ತಾರು ವರ್ಷದ ಸಂಸಾರದ ಅಭ್ಯಾಸದಿಂದ ಆಕೆ ಒಂದಿಷ್ಟು ಕಾದಳು.

"ಆ ಸತ್ಕಾರದ ಶಾಲು," ಎಂದರು ಸರ್ಜೇರಾಯರು ಏದುಸಿರಿನಲ್ಲಿ, "ನಿನ್ನ ಹತ್ರ ಐತೇನು?"

"ಐತಿ. ಹೊದ್ದುಕೊಂಡೀನಿ," ಎಂದಳು ಶಾಲನ. "ಇನ್ನ ಮ್ಯಾಲೆ ನಾ ಬಸ್ಸಿನಾಗೇ ಬರತೀನಿ. ನಿಮ್ಮ ಫೋನ್ ನೀವು ನೋಡಕೋರಿ."