ಗಡಿಕಲ್ಲಿಗೆ ನಾನೇ ಸಾಕ್ಷಿ

ಪಕ್ಕದ ಮನೆಯ ಇಂಗ್ಲಿಷ್ ಅಜ್ಜ ನನ್ನ ತೋಳು ಹಿಡಿದಿದ್ದರು, ಹೆಣ್ಣು ಕೊಟ್ಟ ಮಾವ ಕಾಲು ಹಿಡಿದಿದ್ದರು. ಇಬ್ಬರೂ ಸೇರಿ ನನ್ನನ್ನೆತ್ತಿ ಹಿತ್ತಲಿನ ಗಡಿಕಲ್ಲಿನ ಮೇಲೆ ಕುಕ್ಕಿದರು.

ಅಮೆರಿಕದ ಲಾಸ್ ಆಲ್ಟೋಸ್‌ನಲ್ಲಿ ನಮ್ಮ ಮತ್ತು ಅಜ್ಜನ ಮನೆಯ ನಡುವಿನ ಬೇಲಿ ಗಾಳಿಗೆ ಬಿದ್ದಿತ್ತು. ಅದನ್ನು ನೋಡಿ ಅಜ್ಜ ಬಾಲ್ಯ ನೆನೆದರು. ಇಂಗ್ಲೆಂಡಿನ ಅವರ ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ಊರಿನ ಎಲ್ಲೆ ಸುತ್ತಿ, ಪ್ರತಿ ಗಡಿಕಲ್ಲಿನ ಮೇಲೂ ಮಕ್ಕಳನ್ನು ಎತ್ತಿ ಕುಕ್ಕುತ್ತಿದ್ದರಂತೆ. ನೋವಾದರೆ ಸಾಯುವವರೆಗೂ ಗಡಿ ಮರೆಯುವುದಿಲ್ಲವಂತೆ. ಮಂಡ್ಯದಿಂದ ಬಂದಿದ್ದ ಮಾವ ನಗಲಿ ಎಂದು ಇದನ್ನು ಕನ್ನಡದಲ್ಲಿ ಹೇಳಿದೆ. ಬದುವಿನ ಜಗಳ ನೋಡುತ್ತಲೇ ಬೆಳೆದವರು, ನಗಲಿಲ್ಲ. ಅಲ್ಲಿದ್ದವರಲ್ಲಿ ಚಿಕ್ಕವನಾದ ನನ್ನತ್ತ ಬೆರಳು ತೋರಿಸಿ ಅಜ್ಜನಿಗೆ ಸನ್ನೆ ಮಾಡಿದರು. ಅಲ್ಲಿಂದಾಚೆ ಅವರಿಬ್ಬರಿಗೆ ನನ್ನ ಅನುವಾದ ಬೇಕಾಗಲಿಲ್ಲ.

"ಮಾವ, ನಂಗೆ ಮೀಟಿಂಗಿದೆ," ಎಂದೆ.

"ವಸಿ ಸುಮ್ಕಿರಿ ಅಳಿಯಂದ್ರೇ, ಇದು ಜಮೀನ್ ಇಸ್ಯ," ಎಂದರು.

ಮರುದಿನ ಬೇಲಿ ಹಾಕುವವನು ಬಂದು ಗಡಿ ಎಲ್ಲಿ ಎಂದು ಕೇಳಿದ. ಕಲ್ಲು ಗಾಳಿಗೆ ಉದುರಿದ ಎಲೆಗಳಡಿ ಮುಚ್ಚಿಹೋಗಿತ್ತು. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ತೋರಿಸಿದೆ. ಅಲ್ಲೇ ಇತ್ತು. ಈ ದೇಶದಲ್ಲಿ ನನ್ನ ನೆಲ ಎಲ್ಲಿಯವರೆಗೆ ಎಂದು ಇನ್ನು ನನಗೆ ಯಾರೂ ಹೇಳಬೇಕಾಗಿಲ್ಲ.