ಅಕ್ಕನ ಕೈಯಲ್ಲೇ ಉಳಿದ ಬುತ್ತಿ

ಗೂಡಲೂರು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಹೋಟೆಲಿದೆ. ಮೊನ್ನೆ ಊಟಿ ಬಸ್ಸಿಗೆ ಕಾಯುತ್ತಾ ಅದರ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಅನ್ನ ಬೇಯುತ್ತಿತ್ತು. ಅನ್ನಕ್ಕೆ ರಂಪೆ ಎಲೆ ಹಾಕಿದ್ದರು. ಉದ್ದನೆಯ ಹಸಿರು ಎಲೆ ಅದು, ರೇಷನ್ ಅಕ್ಕಿಗೂ ಗಂಧಸಾಲೆಯ ಪರಿಮಳ ಕೊಡುತ್ತದೆ. ನಮ್ಮ ಬೆಟ್ಟದವರಿಗೆ ಅದರ ಬಳಕೆಯಿಲ್ಲ. ಅದನ್ನು ಹಾಕುವವರು ಸಿಲೋನ್‌ಕಾರರು. ಹಿಂದೆ ಲಂಕೆಯ ಟೀ ತೋಟಗಳಿಗೆ ಕೂಲಿಗೆ ಹೋಗಿ, ತಲೆಮಾರುಗಳಾದ ಮೇಲೆ ಎರಡು ಸರ್ಕಾರಗಳು ಕೂತು ಮಾತಾಡಿ ಈ ಕಡೆಗೆ ವಾಪಸು ಕಳಿಸಿದ ತಮಿಳು ಜನರನ್ನು ನಾವು ಹಾಗೆ ಕರೆಯುತ್ತೇವೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಸರ್ ಬಂದು ಎದುರಿಗೆ ನಿಂತಂತಾಯಿತು…

ನಾನು ಊಟಿ ಹತ್ತಿರದ ಇತ್ತಲಾರ್ ಕಡೆಯ ಹಟ್ಟಿಯವನು, ನಮ್ಮ ಬೆಟ್ಟದಲ್ಲಿ ಊರಿಗೇ ಹಟ್ಟಿ ಅನ್ನುತ್ತೇವೆ. ಅಪ್ಪನದು ಅಂಗೈಯಗಲ ಟೀ ತೋಟ. ಎಲೆ ಕಿತ್ತು ಫ್ಯಾಕ್ಟರಿಗೆ ಹಾಕುವುದು, ಫ್ಯಾಕ್ಟರಿಯವನು ಹೇಳಿದ ರೇಟಿಗೆ ತಲೆಯಾಡಿಸುವುದು, ಇಷ್ಟೇ ಬದುಕು. ಮಗ ಬಿಬಿಎ ಓದಿದರೆ ತಲೆಯಾಡಿಸುವ ಬದಲು ಬಾಯಿ ಬಿಟ್ಟು ಮಾತಾಡುತ್ತಾನೆ ಎಂಬ ಆಸೆಯಿಂದ ನನ್ನನ್ನು ಊಟಿಯ ಕಾಲೇಜಿಗೆ ಸೇರಿಸಿದ. ಅಲ್ಲಿ ನಮಗೆ ಅಂತರರಾಷ್ಟ್ರೀಯ ವ್ಯಾಪಾರ ಕಲಿಸಲು ಬಂದವರೇ ಸರ್. ಕತ್ತಿಗೆ ಸದಾ ಒಂದು ಬೂದು ಮಫ್ಲರ್, ಕೈಯಲ್ಲಿ ಮಡಿಸಿದ ಭೂಪಟ. ಬೆನ್ನ ಹಿಂದೆ ನಾವೆಲ್ಲ ಸಿಲೋನ್ ಸರ್ ಅನ್ನುತ್ತಿದ್ದೆವು. ಅವರಿಗೂ ಗೊತ್ತಿತ್ತು, ಬಿಡಿ.

ಬೇರೆ ಮೇಷ್ಟ್ರುಗಳು ನೋಟ್ಸ್ ಹೇಳುತ್ತಿದ್ದರು, ನಾವು ತೂಕಡಿಸುತ್ತಾ ಬರೆಯುತ್ತಿದ್ದೆವು. ಸರ್ ಮಾತ್ರ ಮೊದಲ ದಿನವೇ ಒಬ್ಬೊಬ್ಬರಿಗೆ ಒಂದೊಂದು ದೇಶ ಹಂಚಿಬಿಟ್ಟರು. ಆ ದೇಶ ಏನು ಕೊಳ್ಳುತ್ತದೆ, ಏನು ಮಾರುತ್ತದೆ ಎಂದು ಹೇಳಿದರೆ ಸಾಲದು. ಅಲ್ಲಿಯವರು ಮನೆಗೆ ಬಂದವರಿಗೆ ಮೊದಲು ಏನು ಕೊಡುತ್ತಾರೆ, ಯಾವ ಕೈಯಲ್ಲಿ ತೆಗೆದುಕೊಳ್ಳುತ್ತಾರೆ, ಸಾವಿನ ಮನೆಯಲ್ಲಿ ಹೇಗಿರುತ್ತಾರೆ, ಇಷ್ಟೂ ಬೇಕು. ಅವರ ಒಂದು ಪರೀಕ್ಷೆಯ ಪ್ರಶ್ನೆ ಇವತ್ತಿಗೂ ಬಾಯಿಗೆ ಬರುತ್ತದೆ: ಜಪಾನಿನ ಗಿರಾಕಿಯ ತಂದೆ ತೀರಿಕೊಂಡಿದ್ದಾರೆ, ನಿಮ್ಮ ಸರಕು ಹಡಗಿನಲ್ಲಿದೆ, ನಿಮ್ಮ ಮೊದಲ ಪತ್ರದಲ್ಲಿ ಏನನ್ನು ಬರೆಯಬಾರದು? ಸಾವಿಗೂ ವ್ಯಾಪಾರಕ್ಕೂ ಎಲ್ಲಿಯ ಸಂಬಂಧ ಎಂದು ಹಿಂದಿನ ಬೆಂಚು ಗೊಣಗಿತು.

ನನ್ನ ಸರದಿ ಬಂದಾಗ ಸರ್ ಭೂಪಟ ಮಡಿಸಿದರು. "ನಿನಗೆ ನಿನ್ನ ಹಟ್ಟಿಯೇ ದೇಶ. ನಾನು ಎಲ್ಲಿಂದಲೋ ಬಂದವನು, ನನಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಹೇಳು." ಕ್ಲಾಸೆಲ್ಲ ನಕ್ಕಿತು. ನನಗೆ ಮೈ ಉರಿದುಹೋಯಿತು. ಎಲ್ಲರಿಗೂ ಜರ್ಮನಿ, ಬ್ರೆಜಿಲ್, ನನಗೆ ಮಾತ್ರ ದನದ ಕೊಟ್ಟಿಗೆಯ ವಾಸನೆಯ ಹಟ್ಟಿಯೇ? ಆ ಸಿಟ್ಟಿನಲ್ಲೇ ನಮ್ಮಜ್ಜನನ್ನು ಕೂರಿಸಿಕೊಂಡು ಕೇಳಿದೆ. ಅಜ್ಜ ಹೇಳಿದ್ದನ್ನು ಕ್ಲಾಸಿನಲ್ಲಿ ಒಪ್ಪಿಸಿದೆ. ಹಿರಿಯರ ಮುಂದೆ ತಲೆ ಬಗ್ಗಿಸುತ್ತೇವೆ, ಅವರು ತಲೆ ಮುಟ್ಟಿ ಹರಸುತ್ತಾರೆ. ಇನ್ನು ಸಾವಿನ ಸುದ್ದಿ ಹೊತ್ತು ಹೋದವನು ಆ ಮನೆಯ ಹೊಸ್ತಿಲು ದಾಟುವುದಿಲ್ಲ. ತಲೆಯ ಮೇಲೆ ಬಟ್ಟೆ ಇರಬಾರದು. ಅಂಗಳದಲ್ಲೇ ನಿಲ್ಲಬೇಕು, ಅವರು ಕೊಟ್ಟ ನೀರನ್ನೂ ಮುಟ್ಟಬಾರದು. ಹೆಣ ಎತ್ತುವವರೆಗೆ ಆ ರಕ್ತಸಂಬಂಧದ ಮನೆಯಲ್ಲಿ ಒಲೆ ಉರಿಯುವುದಿಲ್ಲ.

"ನೀರನ್ನೂ ಕುಡಿಯಲ್ಲವಾ?" ಸರ್ ಮತ್ತೆ ಕೇಳಿದರು. ಕಿಟಕಿಯಾಚೆ ಮಂಜು ಕವಿದಿತ್ತು. ಅವರು ಭೂಪಟ ಬದಿಗಿಟ್ಟು ತಮ್ಮ ದೇಶದ ಕತೆ ಹೇಳಿದರು. ಅವರು ಮಾತಾಡಿದ್ದು ತಮಿಳಿನಲ್ಲಿ. ನನ್ನಲ್ಲಿ ಉಳಿದಿರುವುದು ನನ್ನ ಮಾತಿನಲ್ಲಿ.

ಅವರು ಹುಟ್ಟಿದ್ದು ಲಂಕೆಯ ಟೀ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಗಳ ಸಾಲುಮನೆಯಲ್ಲಿ. ತಾಯಿ ಎಲೆ ಕೀಳಲು ಹೋದರೆ ಮಗುವನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ಇಂಡಿಯಾಕ್ಕೆ ಹೊರಡಿ ಎಂದು ಆಜ್ಞೆಯಾದಾಗ ಅಕ್ಕನಿಗೆ ಮದುವೆಯಾಗಿತ್ತು. ಅವಳ ಗಂಡನ ಕಡೆಯವರು ಅಲ್ಲಿಯ ಪ್ರಜೆಗಳೆಂದು ಬರೆಸಿಕೊಂಡಿದ್ದರು, ಹಾಗಾಗಿ ಅವಳು ಅಲ್ಲೇ ಉಳಿದಳು. ಹೊರಡುವ ದಿನ ಅಕ್ಕ ರಂಪೆ ಹಾಕಿ ಅನ್ನ ಮಾಡಿ, ಒಣಮೀನು ಹುರಿದು, ಬಾಳೆಲೆಯಲ್ಲಿ ಬುತ್ತಿ ಕಟ್ಟಿಕೊಂಡು ಬೆಟ್ಟ ಇಳಿದು ಸ್ಟೇಷನ್ನಿಗೆ ಓಡಿಬಂದಳಂತೆ. ಅಷ್ಟರಲ್ಲಿ ರೈಲು ಹೊರಟಿತ್ತು. ಹುಡುಗ ಕಿಟಕಿಯಿಂದ ಕೈ ಚಾಚಿದ್ದಾನೆ, ಅಕ್ಕ ಪಕ್ಕದಲ್ಲೇ ಓಡುತ್ತಿದ್ದಾಳೆ, ಪ್ಲಾಟ್‌ಫಾರ್ಮ್ ಮುಗಿದುಹೋಗಿದೆ… ಬುತ್ತಿ ಅವಳ ಕೈಯಲ್ಲೇ ಉಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಸರ್ ಪಾಲಿಗೆ ಅದು ಬರೀ ಗಾದೆಯಾಗಿರಲಿಲ್ಲ.

ಆಮೇಲೆ ಎರಡು ದೇಶಗಳ ನಡುವಿನ ಹಡಗು ನಿಂತಿತು, ಅಲ್ಲಿ ಯುದ್ಧ ಬಂತು, ಇಲ್ಲಿ ಬಡತನ. ತಾಯಿ ಗೂಡಲೂರಿನ ಲೈನ್ ಮನೆಯಲ್ಲಿ ಮಗಳ ಮುಖ ನೋಡದೆಯೇ ಕಣ್ಣು ಮುಚ್ಚಿದರು. ಫೋನು ಬಂದ ಮೇಲೆ ಸರ್ ಪ್ರತಿ ಭಾನುವಾರ ಅಕ್ಕನ ಜೊತೆ ಮಾತಾಡುತ್ತಿದ್ದರು. ಕ್ಲಾಸಿನಲ್ಲಿ ನಡೆದದ್ದೆಲ್ಲ ಅಕ್ಕನಿಗೆ ವರದಿ. ನಮ್ಮ ಹಟ್ಟಿಯ ಪದ್ಧತಿಯನ್ನೂ ಹೇಳಿದ್ದರಂತೆ. "ನೀನು ಬಾ, ನಿನ್ನ ಬುತ್ತಿ ಹಾಗೇ ಇದೆ" ಎನ್ನುವುದು ಅಕ್ಕನ ಒಂದೇ ಮಾತು.

ದೇಶ ಸುತ್ತು, ಕೋಶ ಓದು ಅನ್ನುತ್ತಾರೆ. ನಮ್ಮ ಕಾಲೇಜಿನವರ ಪ್ರಕಾರ ದೇಶ ಸುತ್ತುವುದೆಂದರೆ ಕೊಯಮತ್ತೂರಿನ ಬಿಸ್ಕತ್ ಫ್ಯಾಕ್ಟರಿಗೆ ಹೋಗಿ ಪೊಟ್ಟಣ ಹಿಡಿದು ಫೋಟೋ ತೆಗೆಸಿಕೊಳ್ಳುವುದು. ಸರ್ ಆಡಳಿತದವರ ಹತ್ತಿರ ಜಗಳವಾಡಿದರು. ಟೀ ಬೆಳೆಯುವವರ ಮಕ್ಕಳು ಕೊಲಂಬೊದ ಟೀ ಹರಾಜು ನೋಡದಿದ್ದರೆ ಈ ಓದಿಗೇನರ್ಥ ಎಂದು ಹಟ ಹಿಡಿದರು. ಹಟದ ಒಳಗೆ ಅಕ್ಕ ಇದ್ದಾಳೆ ಎಂದು ನಮಗೆಲ್ಲ ಗೊತ್ತಿತ್ತು, ಅವರು ಮುಚ್ಚಿಟ್ಟವರೂ ಅಲ್ಲ. ಕೊನೆಗೂ ಅನುಮತಿ ಸಿಕ್ಕಿತು. ಆ ದಿನ ಸರ್ ಚಿಕ್ಕ ಹುಡುಗನ ಹಾಗೆ ಮಫ್ಲರ್ ಬಿಚ್ಚಿ ಮೇಜಿನ ಮೇಲೆ ಎಸೆದರು. "ಕಡೇ ದಿನ ಎಲ್ಲರಿಗೂ ಅಕ್ಕನ ಮನೇಲಿ ಊಟ" ಎಂದರು.

ಹೊರಡುವ ಹಿಂದಿನ ದಿನ ಅವರಿಗೆ ಎದೆನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದರು. ನಾವು ನೋಡಲು ಹೋದಾಗ ಮಂಚದ ಮೇಲೆ ಕೂತು ಗದರಿಸಿದರು: "ಏನ್ರೋ ಮುಖ ಹೀಗೆ ಮಾಡ್ಕೊಂಡಿದ್ದೀರಿ? ಬರೀ ಗ್ಯಾಸು. ನೀವು ಹೊರಡಿ, ನಾನು ಹಿಂದೆಯೇ ಬರ್ತೀನಿ. ಅಕ್ಕನಿಗೆ ಹೇಳ್ಬೇಡಿ, ಅಡುಗೆ ಕೆಡಿಸಿಬಿಡ್ತಾಳೆ." ನಾನು ತಲೆ ಬಗ್ಗಿಸಿದೆ. ಸೂಜಿ ಚುಚ್ಚಿದ್ದ ಕೈಯಿಂದಲೇ ತಲೆ ಮುಟ್ಟಿದರು. ನಮ್ಮ ಜೊತೆಗೆ ಅಕೌಂಟ್ಸ್ ಮೇಡಂ ಬಂದರು.

ಹರಾಜು ನೋಡಿದೆವು, ಬಂದರು ನೋಡಿದೆವು. ಸರ್ ಬರಲೇ ಇಲ್ಲ, ಫೋನಿನಲ್ಲಿ ಇವತ್ತು ನಾಳೆ ಅನ್ನುತ್ತಿದ್ದರು. ಕಡೇ ದಿನ ಬೆಳಿಗ್ಗೆ ಅಕ್ಕನ ಎಸ್ಟೇಟಿಗೆ ವ್ಯಾನಿನಲ್ಲಿ ಬೆಟ್ಟ ಹತ್ತುತ್ತಿದ್ದಾಗ ಮೇಡಂ ಫೋನು ಬಡಿದುಕೊಂಡಿತು. ಅವರು ಕೇಳಿಸಿಕೊಂಡು ಫೋನು ಕೆಳಗಿಟ್ಟರು. ಆಮೇಲೆ ವ್ಯಾನು ನಿಲ್ಲಿಸಿ ನಮಗೆ ಹೇಳಿದರು. ಸರ್ ಹೋಗಿಬಿಟ್ಟಿದ್ದರು. ಅಕ್ಕನಿಗೆ ಫೋನಿನಲ್ಲಿ ಹೇಗೆ ಹೇಳಲಿ ಎಂದು ಸರ್ ಹೆಂಡತಿ ಅಳುತ್ತಿದ್ದರಂತೆ.

ಅಯ್ಯೋ, ಆ ವ್ಯಾನು… ಸುತ್ತ ನಮ್ಮೂರಿನದೇ ಟೀ ಗಿಡ, ನಮ್ಮೂರಿನದೇ ಮಂಜು. ಮೇಡಂ ಕಣ್ಣೊರೆಸಿಕೊಂಡು ತೀರ್ಮಾನ ಹೇಳಿದರು. ಸರ್‌ಗೆ ಜ್ವರ, ಬರಲಾಗಲಿಲ್ಲ ಅನ್ನೋಣ, ಒಂದು ತುತ್ತು ತಿಂದು ಎದ್ದುಬಿಡೋಣ, ನಾಳೆ ಮನೆಯವರೇ ಹೇಳಿಕೊಳ್ಳಲಿ. "ಊಟಕ್ಕೆ ಕರೆದವಳಿಗೆ ಸಾವು ಹೇಳೋಕಾಗುತ್ತಾ?" ಎಂದರು. ಮೇಡಂ ಕೆಟ್ಟವರಲ್ಲ. ಆ ಹೆಂಗಸಿಗೆ ಇನ್ನೊಂದು ರಾತ್ರಿ ನಿದ್ದೆ ಉಳಿಸಬೇಕೆಂದಿದ್ದರು, ಅಷ್ಟೇ. "ಅವರ ಒಲೆ ಉರೀತಿದೆ ಮೇಡಂ" ಎಂದೆ. "ನೀನು ಸುಮ್ಮನೆ ಬಾ" ಎಂದರು.

ತಗಡಿನ ಮಾಡಿನ ಲೈನ್ ಮನೆ. ಅಂಗಳದಲ್ಲಿ ರಂಪೆಯ ಪೊದೆ. ಅಕ್ಕ ಹೊಸ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದಳು. ಅದೇ ಮೂಗು, ಅದೇ ಹಣೆ. ನಮ್ಮ ತಲೆಗಳ ಮೇಲಿಂದ ಹಿಂದೆ ಹಿಂದೆ ನೋಡುತ್ತಿದ್ದಳು. ಮೇಡಂ ಜ್ವರದ ಮಾತು ಹೇಳಿದರು. ಅಕ್ಕನ ಮುಖ ಸಣ್ಣಗಾಯಿತು. ಆದರೂ ಸಾವರಿಸಿಕೊಂಡು, "ಆಗಲಿ, ನೀವು ಅವನ ಮಕ್ಕಳಲ್ಲವಾ, ನೀವು ಉಂಡರೆ ಅವನು ಉಂಡ ಹಾಗೇ" ಎಂದು ಎಲ್ಲರನ್ನೂ ಒಳಗೆ ಕರೆದಳು. ಎಲ್ಲರೂ ಹೋದರು. ನಾನು ಮಾತ್ರ ಹೊಸ್ತಿಲು ದಾಟಲಿಲ್ಲ. ಒಳಗಿನಿಂದ ರಂಪೆ ಅನ್ನದ ವಾಸನೆ ಗಮ್ಮೆಂದು ಬಂತು. ಸಣ್ಣಗೆ ಮಳೆ ಹನಿಯುತ್ತಿತ್ತು. ಉಣ್ಣೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅಕ್ಕ ಲೋಟದಲ್ಲಿ ನೀರು ಹಿಡಿದು ಹೊರಗೆ ಬಂದಳು. "ನೀನು ಆ ಹಟ್ಟಿ ಹುಡುಗ ತಾನೇ? ತಲೆ ಬಗ್ಗಿಸೋನು? ತಮ್ಮ ಹೇಳ್ತಿದ್ದ. ಬಾ ಸಾಮಿ, ನಾಚಿಕೆ ಯಾಕೆ, ನೀರು ಕುಡಿ" ಎಂದು ನಗುತ್ತಾ ಲೋಟ ಚಾಚಿದಳು.

ನಾನು ಕೈ ಚಾಚಲಿಲ್ಲ.

"ಮಳೇಲಿ ಟೋಪಿ ಯಾಕಪ್ಪಾ ತೆಗೆದೆ…" ಎಂದಳು. ನನ್ನ ತಲೆ ನೋಡಿದಳು, ಲೋಟ ನೋಡಿದಳು, ನಾನು ದಾಟದ ಹೊಸ್ತಿಲು ನೋಡಿದಳು. ಸರ್ ಅವಳಿಗೆ ಎಲ್ಲವನ್ನೂ ಹೇಳಿದ್ದರಲ್ಲ.

"ಯಾವಾಗ?"

"ಬೆಳಿಗ್ಗೆ…"

ಅವಳು ಒಳಗೆ ಹೋಗಿ, ಎಲೆಯ ಮುಂದೆ ಕೂತವರ ನಡುವೆಯೇ ನಡೆದು, ಬಿಂದಿಗೆಯ ನೀರನ್ನು ಉರಿಯುವ ಒಲೆಗೆ ಸುರಿದಳು. ಚುರ್ ಎಂದು ಹೊಗೆ ಎದ್ದು ಮನೆಯೆಲ್ಲ ತುಂಬಿತು. ಆಮೇಲೆ ಆ ಬೂದಿಯ ಮುಂದೆ ಕುಸಿದು ಎದೆ ಬಡಿದುಕೊಳ್ಳತೊಡಗಿದಳು. ಅಕ್ಕಪಕ್ಕದ ಮನೆಯ ಹೆಂಗಸರು ಓಡಿಬಂದರು. ಮೇಡಂ ನನ್ನನ್ನು ಬೈಯಲಿಲ್ಲ, ಹೊರಗೆ ಬಂದು ನನ್ನ ಪಕ್ಕದಲ್ಲೇ ನಿಂತರು.

ನಾವು ಹೊರಡುವಾಗ ಅಕ್ಕ ಒಂದು ಹಿಡಿ ಹಸಿ ಅಕ್ಕಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ನನ್ನ ಕೈಗಿಟ್ಟಳು. ಸುಡುವ ಮುಂಚೆ ಒಡಹುಟ್ಟಿದವರು ಸತ್ತವರ ಬಾಯಿಗೆ ಅಕ್ಕಿಕಾಳು ಹಾಕುವುದು ಅವರ ಪದ್ಧತಿ. "ಬೇಯಿಸಿದ್ದು ಎರಡು ಸಲವೂ ಅವನಿಗೆ ಸೇರಲಿಲ್ಲ. ಇದಾದ್ರೂ ಸೇರಲಿ ಸಾಮಿ. ನಾನೇ ಹಾಕಿದೆ ಅಂತ ಹಾಕು." ಹೆಣವನ್ನು ಸಂಜೆಯೇ ಎತ್ತುತ್ತಾರೆಂದು ನಮಗೆ ಗೊತ್ತಿತ್ತು, ನಮ್ಮ ವಿಮಾನ ಮರುದಿನ. ಹಾಗಂತ ಅವಳಿಗೆ ಇಲ್ಲ ಅನ್ನಲು ನನಗೆ ಯಾವ ಬಾಯಿ?

ನಾನು ಗೂಡಲೂರು ಮುಟ್ಟುವ ಹೊತ್ತಿಗೆ ಬೂದಿಯನ್ನೂ ಹೊಳೆಗೆ ಬಿಟ್ಟಾಗಿತ್ತು. ಸರ್ ಹೆಂಡತಿ ಗಂಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿ ನೋಡಿದರು. "ಇದನ್ನ ಎಲ್ಲಿ ಹಾಕಲಿ ಹೇಳು? ನಿನ್ನ ಹತ್ರಾನೇ ಇರಲಿ" ಎಂದು ವಾಪಸು ಕೊಟ್ಟರು.

ಈಗ ನಾನು ಕೂನೂರಿನ ಒಂದು ಟೀ ರಫ್ತು ಆಫೀಸಿನಲ್ಲಿದ್ದೇನೆ. ಯಾವ ದೇಶದ ಗಿರಾಕಿಯ ಮನೆಯಲ್ಲಿ ಸಾವಾದರೂ ಪತ್ರ ಬರೆಯುವ ಕೆಲಸ ನನ್ನ ಮೇಜಿಗೇ ಬರುತ್ತದೆ. ಇವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಹೊಸಬರು ಬೆರಗಾಗುತ್ತಾರೆ. ಗೊತ್ತಿರುವುದರಿಂದ ಏನು ಸುಖ ಬಂತು… ಸರ್ ಇದ್ದಿದ್ದರೆ ಜಗಳವಾಡಿಯಾದರೂ ಕೇಳುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಸರ್ ಹೆಂಡತಿ ಫೋನು ಮಾಡಿದರು. ಅಕ್ಕನೂ ಹೋದಳಂತೆ. ಸುದ್ದಿ ಬರುವಷ್ಟರಲ್ಲಿ ಅಲ್ಲಿ ಸಂಸ್ಕಾರ ಮುಗಿದಿತ್ತು. ಹುಚ್ಚನ ಹಾಗೆ ನಾನು ಬೀರುವಿನಿಂದ ಆ ಗಂಟು ತೆಗೆದು ಜೇಬಿಗಿಟ್ಟುಕೊಂಡು ನಡುವಟ್ಟಂ ಘಾಟಿ ಇಳಿದು ಗೂಡಲೂರಿನ ಸರ್ ಮನೆಗೆ ಹೋದೆ. ಅಕ್ಕಿ ಹುಳ ತಿಂದು ಮುಕ್ಕಾಲು ಪುಡಿಯಾಗಿದೆ. ತಮ್ಮನ ಬಾಯಿಗೂ ಇಲ್ಲ, ಅಕ್ಕನ ಬಾಯಿಗೂ ಇಲ್ಲ. ಅಲ್ಲಿ ಎಲ್ಲ ಮುಗಿದಿದ್ದರೂ ಸರ್ ಮನೆಯಲ್ಲಿ ಆ ದಿನ ಒಲೆ ಹಚ್ಚಿರಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ಗಂಟನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು ವಾಪಸು ಹೊರಟು, ಬಸ್ ಸ್ಟ್ಯಾಂಡಿನ ಹಿಂದಿನ ಆ ಬೆಂಚಿಗೆ ಬಂದು ಕೂತಿದ್ದೆ.

ಹೋಟೆಲಿನವನು ಎಲೆ ಹಾಸಿ, "ಬಿಸಿ ಅನ್ನ ಆಗಿದೆ ಅಣ್ಣಾ, ಬಡಿಸಲಾ?" ಎಂದ. ಬೇಡ ಎಂದೆ. "ನೀರಾದ್ರೂ ಕುಡೀರಿ, ಮುಖ ಬಾಡಿದೆ" ಎಂದು ಲೋಟ ಚಾಚಿದ.

ನಾನು ಟೋಪಿ ತೆಗೆದೆ.

"ಬೇಡಪ್ಪಾ," ಎಂದೆ, "ನಮ್ಮ ಮನೇಲಿ ಸಾವಾಗಿದೆ."