ಸೈರನ್ ಒತ್ತಿದವನ ಅಕ್ಕ

ನಮ್ಮ ಬಂದರಿನಲ್ಲಿ ಅವಳನ್ನು ಎಲ್ಲರೂ ಮೇಲಿನಕ್ಕ ಎನ್ನುತ್ತಿದ್ದೆವು. ದೊಡ್ಡ ಕ್ರೇನಿನ ಗಾಜಿನ ಕ್ಯಾಬಿನ್ನಿನಲ್ಲಿ ಕುಳಿತು, ತನ್ನೆರಡು ಪಾದಗಳ ನಡುವಿನಿಂದ ಕೆಳಗೆ ನೋಡುತ್ತ ಹಡಗಿಗೆ ಕಂಟೇನರ್ ಇಳಿಸುವುದು ಅವಳ ಕೆಲಸ. ಕೆಳಗೆ ನಿಂತು ವಾಕಿಟಾಕಿಯಲ್ಲಿ "ಇನ್ನೊಂಚೂರು, ಇನ್ನೊಂಚೂರು, ಸಾಕು" ಎನ್ನುವುದು ನನ್ನದು. "ಸಾಕು" ಎನ್ನಲು ತಡವಾದರೆ ಬೈಗುಳ ಬರುತ್ತಿತ್ತು. ಅಷ್ಟೆತ್ತರದಿಂದ ಬೀಳುವ ಬೈಗುಳಕ್ಕೆ ತೂಕ ಜಾಸ್ತಿ ಎಂದು ನಾವು ನಗುತ್ತಿದ್ದೆವು.

ಅವಳ ತಮ್ಮ ಗೇಟಿನ ಕಾವಲುಗಾರ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಓದಿಸಿದ್ದು, ಕಂಡವರ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದ್ದು ಅವಳೇ. ಊಟದ ಹೊತ್ತಿಗೆ ಇಳಿದು ಬಂದು ಅವನ ಡಬ್ಬಿಗೇ ಕೈ ಹಾಕುತ್ತಿದ್ದಳು. "ಬೆಳಗಿಂದ ಎತ್ತಿದ್ದು ಸಾಲ್ದು ಅಂತ ಈಗ ನನ್ನ ಡಬ್ಬೀನೂ ಎತ್ತುತಾಳೆ" ಎಂದು ಅವನು ಗೊಣಗುತ್ತಿದ್ದ.

ಆ ಮಧ್ಯಾಹ್ನ ಬಂದ ಲಾರಿಯೊಂದರ ಕಂಟೇನರಿನೊಳಗೆ ಬಂದೂಕು ಹಿಡಿದವರು ಅಡಗಿದ್ದರು. ಒಳಗೇನಿದೆ ಎಂದು ತೋರಿಸುವ ತಪಾಸಣೆಯ ಯಂತ್ರ ಕೆಟ್ಟು ಎಷ್ಟೋ ತಿಂಗಳಾಗಿತ್ತು. ಗೇಟಿನ ಪಕ್ಕದಲ್ಲೇ ಟಾರ್ಪಾಲು ಹೊದ್ದು ಬಿದ್ದಿತ್ತು. ಲಾರಿಯವನ ಮಾತು ತಮ್ಮನಿಗೆ ಸರಿಬರಲಿಲ್ಲ. ಗೇಟು ತೆಗೆಯದೆ, "ಇಳಿ, ಹಿಂದಿನ ಬಾಗ್ಲು ತೆಗಿ" ಎಂದನಂತೆ. ಹಿಂದಿದ್ದ ಲಾರಿಯ ಡ್ರೈವರ್ ಇದನ್ನೆಲ್ಲ ಕಣ್ಣಾರೆ ಕಂಡಿದ್ದಾನೆ. ಬಾಗಿಲನ್ನು ಒಳಗಿದ್ದವರೇ ತಳ್ಳಿ ತೆರೆದರು. ಗುಂಡು ತಿಂದ ತಮ್ಮ ತನ್ನ ಕೋಣೆಗೆ ತೆವಳಿ ಸೈರನ್ ಒತ್ತಿದ. ಆ ಸದ್ದು ಕೇಳಿಯೇ ನಾವೆಲ್ಲ ಕಂಟೇನರುಗಳ ಸಂದಿಗೆ ಓಡಿ ಜೀವ ಉಳಿಸಿಕೊಂಡದ್ದು. ಗೋದಾಮಿನ ಬಳಿಯಿದ್ದ ಹನ್ನೊಂದು ಮಂದಿಗೆ ಓಡಲೂ ಆಗಲಿಲ್ಲ. ಪೊಲೀಸರು ಬಂದು ಹಂತಕರನ್ನು ಕೊಲ್ಲುವಷ್ಟರಲ್ಲಿ ಗೋದಾಮು ಹೊತ್ತಿ ಉರಿಯುತ್ತಿತ್ತು.

ಮೇಲಿನಿಂದ ಅಕ್ಕನಿಗೆ ಎಲ್ಲವೂ ಕಾಣುತ್ತಿತ್ತು. ಗೇಟೂ ಕಾಣುತ್ತಿತ್ತು.

ತಮ್ಮನ ಮಣ್ಣು ಮುಗಿದು ವಾರ ಕಳೆದಿರಲಿಲ್ಲ. ಬಂದರಿನ ದೊಡ್ಡ ಸಾಹೇಬರು ಟೀವಿಯಲ್ಲಿ ಕೂತು, "ಗೇಟಿನಲ್ಲಿದ್ದವನು ನಿದ್ದೆಗೆ ಜಾರಿದ್ದ, ಅದರಿಂದಲೇ ಅನಾಹುತವಾಯಿತು" ಎಂದರು. ಯಂತ್ರದ ಸುದ್ದಿಯನ್ನೇ ಎತ್ತಲಿಲ್ಲ. ಅಕ್ಕನ ತಾಯಿ ಅಂಗಡಿಗೆ ಹೋದರೆ ಯಾರೋ ಮುಖಕ್ಕೆ ಹೊಡೆದಂತೆ ಅಂದರು: "ನಿಮ್ಮ ಮಗ ಗೊರಕೆ ಹೊಡೆದ, ನಮ್ಮ ಮನೆ ದೀಪ ಆರ್‍ಹೋಯ್ತು." ಮುದುಕಿ ಬರಿಗೈಯಲ್ಲಿ ವಾಪಸು ಬಂದು ಕದ ಹಾಕಿಕೊಂಡಳು.

ಅಕ್ಕ ಕೆಂಡವಾದಳು. ಪತ್ರಿಕೆಯವನೊಬ್ಬ ಮನೆಗೆ ಬಂದು, "ಕೊಂದವರ ಮೇಲೆ ಸಿಟ್ಟಿಲ್ವಾ? ಸಾಹೇಬರ ಮೇಲೆ ಯಾಕೆ?" ಎಂದು ಕೇಳಿದ.

"ಕೊಂದವರು ಸಿಕ್ಕಿದ್ರೆ ಹಲ್ಲಲ್ಲೇ ಸೀಳ್ತಿದ್ದೆ. ಸತ್ತು ತಪ್ಪಿಸ್ಕೊಂಡ್ರು. ಅವರು ನನ್ನ ತಮ್ಮನ್ನ ಒಂದ್ಸಲ ಕೊಂದ್ರು. ಈ ಮನುಷ್ಯ ದಿನಾ ಟೀವೀಲಿ ಕೊಲ್ತಿದ್ದಾನೆ."

ಪತ್ರಿಕೆಯಲ್ಲಿ ಬಂದದ್ದು ಅವಳು ಅಳುವ ಚಿತ್ರ ಮಾತ್ರ.

ಬಂದರು ಮತ್ತೆ ತೆರೆಯುವ ದಿನ ಶಾಮಿಯಾನ ಹಾಕಿದರು, ಕ್ಯಾಮೆರಾಗಳು ಬಂದವು. ಮೊದಲ ಕಂಟೇನರನ್ನು ಸತ್ತವನ ಅಕ್ಕನೇ ಎತ್ತಲಿ, ನೋಡಲು ಚೆನ್ನಾಗಿರುತ್ತದೆ ಎಂದು ಸಾಹೇಬರೇ ಗೊತ್ತುಮಾಡಿದ್ದರು. ಅವಳು ಕ್ರೇನು ಹತ್ತಿದಳು. ಚಪ್ಪಾಳೆಗೆ ಎಲ್ಲರೂ ಕೈ ಎತ್ತಿದ್ದರು.

"ಅಕ್ಕ, ಎತ್ತು," ಎಂದೆ ನಾನು.

"ಎತ್ತಲ್ಲ."

ಎಲ್ಲರ ವಾಕಿಟಾಕಿಯಲ್ಲೂ ಅದೇ ದನಿ.

"ಸೈರನ್ ಒತ್ತಿದ್ದು ಯಾರು ಅಂತ ಆ ಮೈಕಲ್ಲಿ ಹೇಳಕ್ಕೆ ಸಾಹೇಬ್ರಿಗೆ ಹೇಳು. ನಿದ್ದೆ ಮಾಡೋನು ಸೈರನ್ ಒತ್ತುತಾನೇನೋ? ಅದನ್ನ ಹೇಳಿದ್ರೆ ಒಂದಲ್ಲ, ನೂರು ಎತ್ತೀನಿ."

ಸಾಹೇಬರ ಮುಖ ಕಪ್ಪಿಟ್ಟಿತು. ನನ್ನ ಹತ್ತಿರ ಬಂದು, "ಏನ್ರೀ ಇದು ತಮಾಷೆ? ಬೇರೆಯವರನ್ನ ಹತ್ತಿಸಿ!" ಎಂದು ಹಲ್ಲು ಕಡಿದರು. ಪಕ್ಕದ ಕ್ರೇನಿನವನನ್ನು ಕರೆದರು. ಅವನು ಕೈಕಟ್ಟಿ ನಿಂತ. ಲಾರಿಗಳ ಎಂಜಿನ್ನುಗಳು ಒಂದೊಂದಾಗಿ ಆರಿದವು. ನಾನೂ ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಾಹೇಬರು ಮೈಕಿನ ಹತ್ತಿರ ಸುಳಿಯಲೇ ಇಲ್ಲ. ಕಾರು ಹತ್ತಿದರು.

ಅವಳನ್ನು ಕೆಲಸದಿಂದ ಅಮಾನತು ಮಾಡಿದರು. ನಾವು ಸರಕು ಮುಟ್ಟಲಿಲ್ಲ. ಹಡಗುಗಳು ಹೊರಗೆ ನಿಂತು ಕಾದವು. ಆಗ ವಿಚಾರಣೆಯಾಯಿತು, ಅಂದು ಗೇಟಿನಲ್ಲಿ ಹಿಂದಿದ್ದ ಲಾರಿಯ ಡ್ರೈವರನ್ನೂ ಕರೆಸಿ ಕೇಳಿದರು. ಯಂತ್ರ ಕೆಟ್ಟಿತ್ತು, ಕಾವಲುಗಾರನ ತಪ್ಪಿಲ್ಲ ಎಂಬ ಮಾತು ಕೊನೆಗೂ ಹೊರಬಿತ್ತು. ಪತ್ರಿಕೆಯ ಮೂಲೆಯಲ್ಲಿ ಬೆರಳಗಲದ ಸುದ್ದಿ. ಸಾಹೇಬರಿಗೇನೂ ಆಗಲಿಲ್ಲ, ಇದಕ್ಕಿಂತ ದೊಡ್ಡ ಬಂದರಿಗೆ ವರ್ಗವಾಗಿ ಹೋದರು.

ಅಕ್ಕ ಮರಳಿ ಕೆಲಸಕ್ಕೆ ಬಂದ ದಿನ ಏಣಿಯ ಬುಡದಲ್ಲಿ ಕೇಳಿದೆ: "ಈಗಾದ್ರೂ ಸಮಾಧಾನ ಆಯ್ತಾ?"

"ತಪ್ಪಿಲ್ಲ ಅಂದ್ರು. ತಪ್ಪಾಯ್ತು ಅಂತ ನಮ್ಮಮ್ಮನ ಹತ್ರ ಬಂದು ಒಬ್ಬನಾದ್ರೂ ಅಂದ್ನಾ?" ಎಂದಳು. "ಸಮಾಧಾನ ಅಂತೆ!"

ಕೈಗವಸು ಹಾಕಿಕೊಂಡು, ನನ್ನನ್ನು ಪಕ್ಕಕ್ಕೆ ತಳ್ಳಿ, ಹತ್ತತೊಡಗಿದಳು.